ಮಗಳ ಮೊಡವೆ ಟ್ಯೂಬು, ನನ್ನ ಮುಖ

‘ನನಗೆ ಗೊತ್ತಿಲ್ಲ’ ಎನ್ನುವುದು ಕೆಲವರಿಗೆ ಬಹಳ ಸುಲಭ. ದಾರಿ ಕೇಳಿದರೆ ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿ ಹೋಗಿಬಿಡುತ್ತಾರೆ. ನನಗೆ ಹಾಗಾಗುವುದಿಲ್ಲ. ಗೊತ್ತಿಲ್ಲದ ಬೀದಿಗೂ ಎಡಕ್ಕೆ ತಿರುಗಿ ಎಂದು ಹೇಳಿಯೇ ಕಳಿಸುತ್ತೇನೆ. ಹುಟ್ಟಿದಾಗಿನಿಂದ ಮೀನು ಮುಟ್ಟಿದವನಲ್ಲ, ಆದರೂ ಕಲಕತ್ತಾದ ಬೆಹಾಲಾ ಬಜಾರಿನಲ್ಲಿ ಮೀನು ಆರಿಸುತ್ತಿದ್ದ ಒಬ್ಬ ಯಜಮಾನರಿಗೆ ಕಿವಿರು ನೋಡಿ ತಗೊಳ್ಳಿ ಎಂದು ಸಲಹೆ ಕೊಟ್ಟದ್ದುಂಟು. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಅದೇ ಮೀನನ್ನು ಕೊಂಡು ಹೋದರು. ಅದನ್ನು ನಾನು ನನ್ನ ಗೆಲುವು ಎಂದೇ ಎಣಿಸಿದ್ದೇನೆ. ನನ್ನ ಹೆಂಡತಿ ಗಿರಿಜಾ ಇದನ್ನು ಆತ್ಮವಿಶ್ವಾಸ ಎಂದು ಕರೆಯುವುದಿಲ್ಲ. ಅವಳು ಬಳಸುವ ಪದ ಬೇರೆ, ಅದು ನಮ್ಮ ಗದಗಿನ ಕಡೆಯದು, ಇಲ್ಲಿ ಬರೆಯುವಂಥದ್ದಲ್ಲ.

ಎಲ್ಲ ವಿಷಯದಲ್ಲೂ ಇಷ್ಟು ಧೈರ್ಯ ಇರುವವನಿಗೆ ತನ್ನ ಸ್ವಂತ ಕಸುಬಿನಲ್ಲಿ ಎಷ್ಟಿರಬೇಕು ನೀವೇ ಯೋಚಿಸಿ. ನಾನು ಗಾರ್ಡನ್ ರೀಚ್ ಕಡೆ, ಹೂಗ್ಲಿ ನದಿಯ ದಂಡೆಯ ಒಂದು ಹಡಗುಕಟ್ಟೆಯಲ್ಲಿ ಪೇಂಟ್ ಇನ್‌ಸ್ಪೆಕ್ಟರ್. ಹೀಗೆಂದ ಕೂಡಲೇ ಊರಿನ ನೆಂಟರು ತಮ್ಮ ಮನೆ ಗೋಡೆಗೆ ಯಾವ ಬಣ್ಣ ಒಳ್ಳೆಯದು ಎಂದು ಕೇಳುತ್ತಾರೆ. ಬಣ್ಣ ನನ್ನ ಕೆಲಸದಲ್ಲಿ ಕೊನೆಯ ಮಾತು. ಅದಕ್ಕೂ ಮುಂಚೆ ಉಕ್ಕಿನ ತಗಡಿನ ತುಕ್ಕು ಹೋಗಬೇಕು, ಉಪ್ಪು ಹೋಗಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಜಿಡ್ಡು ಹೋಗಬೇಕು. ಜಿಡ್ಡಿನ ಮೇಲೆ ಬಳಿದ ಬಣ್ಣ ಸಮುದ್ರಕ್ಕೆ ಇಳಿದ ವರ್ಷವೇ ಏಳುತ್ತದೆ. ಜಿಡ್ಡು ಹೋಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ನಮ್ಮಲ್ಲಿ ಒಂದು ಹಳೆಯ ಉಪಾಯವಿದೆ. ತಗಡಿನ ಮೇಲೆ ಶುದ್ಧ ನೀರು ಚಿಮುಕಿಸಬೇಕು. ನೀರು ಒಂದೇ ಸಮ ಹರಡಿಕೊಂಡರೆ ತಗಡು ಪಾಸು. ಅಲ್ಲಲ್ಲಿ ಮುತ್ತುಗಟ್ಟಿ ನಿಂತರೆ ಜಿಡ್ಡು ಇನ್ನೂ ಇದೆ ಎಂದರ್ಥ, ಮತ್ತೆ ತೊಳೆಯಬೇಕು. ಇಪ್ಪತ್ತೆಂಟು ವರ್ಷಗಳಿಂದ ನಾನು ಹೀಗೆ ನೀರು ಚಿಮುಕಿಸಿ, ‘ಮತ್ತೆ ತೊಳೀರಿ’ ಎಂದು ಹೇಳಿ, ಜನರ ಶಾಪ ಪಡೆದು ಸಂಬಳ ತಂದಿದ್ದೇನೆ. ಉಪಾಯ ಒಂದು ದಿನವೂ ನನಗೆ ಕೈಕೊಟ್ಟಿರಲಿಲ್ಲ.

ಹೀಗಿರುವಾಗ ನಮ್ಮ ಮಗಳು ಶಾಲ್ಮಲಾಳ ಮುಖದ ಮೇಲೆ ಮೊಡವೆ ಎದ್ದವು. ಹನ್ನೊಂದನೇ ಕ್ಲಾಸು, ಹದಿನಾರು ವರ್ಷ. ಮೊದಲು ಗಲ್ಲದ ಮೇಲೆ ಎರಡು, ಆಮೇಲೆ ಹಣೆಯ ಮೇಲೆ, ಆಮೇಲೆ ಕೆನ್ನೆಗಳ ಮೇಲೆ ಒತ್ತೊತ್ತಾಗಿ. ವಯಸ್ಸಿನ ಧರ್ಮ, ಬರುತ್ತವೆ, ಹೋಗುತ್ತವೆ ಎಂದು ನಾನು ಸುಮ್ಮನಿದ್ದೆ. ಆದರೆ ಕಲಕತ್ತಾ ಸುಮ್ಮನಿರುವ ಊರಲ್ಲ. ಇಲ್ಲಿ ಒಬ್ಬರ ಮುಖದ ಮೇಲೆ ಏನಾದರೂ ಎದ್ದರೆ ಅದು ಇಡೀ ಓಣಿಗೆ ಸೇರಿದ ಆಸ್ತಿ. ಕೆಳಗಿನ ಮನೆಯ ಬೌದಿ, ಎಂದರೆ ಅತ್ತಿಗೆ, ಮೆಟ್ಟಿಲ ಮೇಲೆ ಹುಡುಗಿಯನ್ನು ತಡೆದು, ಗಲ್ಲ ಹಿಡಿದು ನೋಡಿ, “ಪೇಟ್ ಪೊರಿಷ್ಕಾರ್ ಹೊಚ್ಛೇ ತೋ?” ಎಂದು ಕೇಳಿದರು. ಹೊಟ್ಟೆ ಸ್ವಚ್ಛವಾಗುತ್ತಿದೆಯೋ ಇಲ್ಲವೋ ಎಂಬುದು ಪ್ರಶ್ನೆ. ಇಲ್ಲಿಯವರಿಗೆ ಮೊಡವೆಯಿಂದ ಮೊಣಕಾಲು ನೋವಿನವರೆಗೆ ಸಕಲ ರೋಗಗಳ ಬೇರೂ ಹೊಟ್ಟೆಯಲ್ಲಿದೆ. ಬೌದಿ ಹೋಮಿಯೋಪಥಿಯ ಸಕ್ಕರೆ ಗುಳಿಗೆ ಕೊಟ್ಟರು. ಔಷಧದ ಅಂಗಡಿಯವರು ಬೇರೆ ಏನೋ ಕೊಟ್ಟರು. ಗಿರಿಜಾ ಕಡಲೆ ಹಿಟ್ಟಿಗೆ ಅರಿಶಿನ ಕಲಸಿಕೊಂಡು ಮಗಳ ಹಿಂದೆ ಮನೆಯೆಲ್ಲ ಓಡಾಡಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹುಡುಗಿ ಅದನ್ನು ಹಚ್ಚಿಸಿಕೊಳ್ಳಲಿಲ್ಲ. ಕೊನೆಗೆ ಆ ಹಿಟ್ಟನ್ನು ನನಗೆ ಭಜಿ ಮಾಡಿ ಹಾಕಿದಳು.

ಮೊಡವೆ ಅಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಜನವರಿಯಲ್ಲಿ ಒಂದು ಸಂಜೆ ಶಾಲ್ಮಲಾ ಶಾಲೆಯಿಂದ ಬಂದವಳೇ ಚೀಲ ಒಗೆದು, “ಕಾರ್ಡ್ ಕೊಡಾಕ ನಾ ಹೋಗಂಗಿಲ್ಲ. ಮಿಸ್‌ಗೆ ಹೇಳಿ ಬಂದೀನಿ” ಎಂದಳು. ಗಿರಿಜಾ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಬಂದಳು.

ಇದರ ತೂಕ ನಿಮಗೆ ತಿಳಿಯಬೇಕಾದರೆ ಇಲ್ಲಿಯ ಒಂದು ಪದ್ಧತಿ ಹೇಳಬೇಕು. ಕಲಕತ್ತಾದ ಶಾಲೆಗಳಲ್ಲಿ ಸರಸ್ವತಿ ಪೂಜೆ ಎಂದರೆ ಮಕ್ಕಳದೇ ಕಾರುಬಾರು. ಹನ್ನೊಂದನೇ ಕ್ಲಾಸಿನವರು ಪೂಜೆಯ ಯಜಮಾನರು. ಮೂರ್ತಿ ತರುವುದು, ರಂಗೋಲಿ ಬಿಡಿಸುವುದು, ಖಿಚಡಿಗೆ ತರಕಾರಿ ಹೆಚ್ಚುವುದು ಎಲ್ಲ ಅವರದೇ. ಇದೆಲ್ಲಕ್ಕಿಂತ ದೊಡ್ಡದು, ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಬೇರೆ ಶಾಲೆಗಳಿಗೆ ಹೋಗಿ ಕರೆಯುವುದು. ಹುಡುಗಿಯರ ಶಾಲೆಯವರು ಹುಡುಗರ ಶಾಲೆಗೆ ಗೇಟಿನಿಂದ ರಾಜಾರೋಷವಾಗಿ ಒಳಗೆ ಹೋಗುವುದು ವರ್ಷಕ್ಕೆ ಆ ಒಂದೇ ಸಲ. ಅದಕ್ಕೆ ಆಯ್ಕೆಯಾಗುವುದು ನಾಲ್ಕೇ ಹುಡುಗಿಯರು. ನಮ್ಮ ಮಗಳು ಐದನೇ ಕ್ಲಾಸಿನಿಂದ ಆ ದೀದಿಯರನ್ನು ನೋಡುತ್ತಾ ಬಂದವಳು. ಅವರು ಯಾವ ಸೀರೆ ಉಟ್ಟಿದ್ದರು, ಯಾರು ಮಾತಾಡಿದರು, ಎಲ್ಲಿ ಯಾವ ಮಿಠಾಯಿ ಕೊಟ್ಟರು ಎಂಬುದನ್ನೆಲ್ಲ ವರ್ಷವರ್ಷವೂ ವರದಿ ಒಪ್ಪಿಸುತ್ತಿದ್ದಳು. ಈ ವರ್ಷ ನಾಲ್ವರಲ್ಲಿ ಅವಳ ಹೆಸರು ಬಂದಿತ್ತು, ಅದೂ ಮಾತಾಡುವವಳಾಗಿ. ಅಂಥದ್ದನ್ನು ಬೇಡ ಎಂದು ಬಂದಿದ್ದಳು.

“ಯಾಕವ್ವಾ, ಏನಾತು?” ಎಂದೆ.

“ಅಪ್ಪಾ, ಲುಕ್ ಅಟ್ ಮೈ ಫೇಸ್” ಎಂದು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಳು ಕೇಳಿಸಿತು. ಹಡಗಿನ ತಳ ತೂತು ಬಿದ್ದರೂ ಇಂಥ ಸಂಕಟ ನನಗೆ ಆಗಿರಲಿಲ್ಲ.

ಮರುದಿನವೇ ಲೇಕ್ ಮಾರ್ಕೆಟ್ಟಿನ ಹತ್ತಿರ ಇರುವ ಚರ್ಮದ ಡಾಕ್ಟರಮ್ಮನಲ್ಲಿಗೆ ಹೋದೆವು. ಲೇಕ್ ಮಾರ್ಕೆಟ್ ಎಂದರೆ ನಮಗೆ ಕರಿಬೇವು, ಕಾಫಿಪುಡಿ, ಜೋಳದ ಹಿಟ್ಟು. ಹಾಗಾಗಿ ಡಾಕ್ಟರ ಕೋಣೆಗೆ ನಾವು ಒಂದು ಚೀಲದಿಂದ ನುಗ್ಗೆಕಾಯಿ ಹೊರಗೆ ಇಣುಕಿಸಿಕೊಂಡೇ ಪ್ರವೇಶ ಮಾಡಿದೆವು. ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಮಗಳ ಮುಖವನ್ನು ದೀಪದ ಕೆಳಗೆ ನೋಡಿ, ಒಂದು ಔಷಧದ ಫೇಸ್‌ವಾಶ್ ಬರೆದುಕೊಟ್ಟರು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಬಟಾಣಿ ಕಾಳಿನಷ್ಟು ಸಾಕು. ಬೆರಳ ತುದಿಯಿಂದ ಮೆಲ್ಲಗೆ ಅರ್ಧ ನಿಮಿಷ, ತೊಳೆದು ಒತ್ತಿ ಒರೆಸಿಕೊಳ್ಳಬೇಕು, ಉಜ್ಜಬಾರದು, ಉಗುರು ತಾಗಿಸಬಾರದು. ಗುಣ ಕಾಣಲು ಎರಡು ತಿಂಗಳಾದರೂ ಬೇಕು.

ನಾನು ಗಂಟಲು ಸರಿ ಮಾಡಿಕೊಂಡೆ. “ಸಿರ್ಫ್ ಆಧಾ ಮಿನಿಟ್?” ಎಂದು ಕೇಳಿದೆ. ಇಪ್ಪತ್ತೆಂಟು ವರ್ಷದಲ್ಲಿ ಅರ್ಧ ನಿಮಿಷದಲ್ಲಿ ಬಿಟ್ಟ ಜಿಡ್ಡನ್ನು ನಾನು ಕಂಡಿಲ್ಲ. ಡಾಕ್ಟರು ನುಗ್ಗೆಕಾಯಿಯನ್ನೇ ನೋಡಿದರು. ಗಿರಿಜಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಟ್ಯೂಬು ಮನೆಗೆ ಬಂತು, ಆದರೆ ಮಗಳು ಮುಚ್ಚಳ ತೆಗೆಯಲಿಲ್ಲ. ಅವಳ ಗೆಳತಿಯೊಬ್ಬಳ ಅಕ್ಕನಿಗೆ ಇಂಥದ್ದೇ ಯಾವುದೋ ಹಚ್ಚಿ ಮುಖವೆಲ್ಲ ಸಿಪ್ಪೆ ಸುಲಿದಿತ್ತಂತೆ. “ಇರೋದೂ ಹೋಗ್ತದ, ಪೂಜಾದಾಗ ಇನ್ನೂ ವರ್ಸ್ಟ್ ಕಾಣ್ತೀನಿ” ಎಂದಳು. ಪೂಜೆಗೆ ಮೂರು ವಾರವೂ ಇರಲಿಲ್ಲ. ಆಗ ನನ್ನೊಳಗಿನ ಇನ್‌ಸ್ಪೆಕ್ಟರ್ ಎದ್ದು ನಿಂತ. ಹೊಸ ಬಣ್ಣ ಬಂದರೆ ನಾವು ಇಡೀ ಹಡಗಿಗೆ ಬಳಿಯುವುದಿಲ್ಲ, ಮೊದಲು ಒಂದು ಮೂಲೆಯಲ್ಲಿ ಚೂರು ಬಳಿದು ನೋಡುತ್ತೇವೆ.

“ನೀ ಹೆದರಬ್ಯಾಡ. ಮೊದ್ಲ ನಾ ಹಚ್ಚಿಕೊಂಡು ತೋರಿಸ್ತೀನಿ. ನನಗ ಏನೂ ಆಗಲಿಲ್ಲಂದ್ರ ನೀ ಹಚ್ಕೋ” ಎಂದೆ.

ತಂದೆಯ ತ್ಯಾಗ ಎಂದು ನೀವು ಕಣ್ಣೊರೆಸಿಕೊಳ್ಳುವ ಮೊದಲು ಇನ್ನೊಂದು ಸತ್ಯ ಹೇಳಿಬಿಡುತ್ತೇನೆ. ಐವತ್ತೆರಡರ ನನ್ನ ಮೂಗಿನ ಮೇಲೂ ಹಡಗುಕಟ್ಟೆಯ ದೂಳಿನ ದಯೆಯಿಂದ ಕರಿ ಚುಕ್ಕೆಗಳಿದ್ದವು. ಅವು ಹೋದರೆ ಬೇಡ ಎನ್ನುವಷ್ಟು ವೈರಾಗ್ಯ ನನಗೆ ಬಂದಿರಲಿಲ್ಲ.

ಮೊದಲ ರಾತ್ರಿ ಬಚ್ಚಲಲ್ಲಿ ನಿಂತು ಬಟಾಣಿ ಕಾಳಿನಷ್ಟು ಹಿಂಡಿದೆ. ಅದು ನನ್ನ ಒಂದು ಕೆನ್ನೆಗೂ ಸಾಲಲಿಲ್ಲ. ನನ್ನ ಮುಖದ ವಿಸ್ತೀರ್ಣ ಡಾಕ್ಟರಮ್ಮನಿಗೆ ಹೇಗೆ ತಿಳಿಯಬೇಕು? ಇನ್ನೊಂದಿಷ್ಟು ಹಿಂಡಿದೆ. ಅರ್ಧ ನಿಮಿಷ ಉಜ್ಜಿ ತೊಳೆದೆ. ಆಮೇಲೆ, ಇಪ್ಪತ್ತೆಂಟು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿಯೇ ಮುಖದ ಮೇಲೆ ನೀರು ಚಿಮುಕಿಸಿತು. ಕನ್ನಡಿಯಲ್ಲಿ ನೋಡಿದೆ. ಮೂಗಿನ ಮೇಲೆ ನೀರು ಮುತ್ತುಗಟ್ಟಿ ನಿಂತಿತ್ತು. ಜಿಡ್ಡು!

ಮುಂದೆ ಏನಾಯಿತು ಎಂದು ಹೇಳಬೇಕೆ? ಮತ್ತೆ ತೊಳೆದೆ. ಮತ್ತೆ ಚಿಮುಕಿಸಿದೆ. ಹಣೆಯ ಮೇಲೆ ಮುತ್ತು. ಮೂರನೇ ಸಲ ಹಚ್ಚಿ, ಔಷಧಕ್ಕೆ ಕೆಲಸ ಮಾಡಲು ಸಮಯ ಬೇಕು ಎಂದು ಹತ್ತು ನಿಮಿಷ ಹಾಗೇ ಬಿಟ್ಟೆ. ಕಣ್ಣು ಮುಚ್ಚಿ ಬಕೆಟ್ಟಿನ ಪಕ್ಕ ನಿಂತಿದ್ದಾಗ ಸ್ವಲ್ಪ ಉರಿಯಿತು. ಉರಿದರೆ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ತೊಳೆದು ನೋಡಿದರೆ ಮುತ್ತು ಕಡಿಮೆಯಾಗಿದ್ದವು, ಪೂರ್ತಿ ಹೋಗಿರಲಿಲ್ಲ. ಮನುಷ್ಯನ ಚರ್ಮ ತನ್ನ ಎಣ್ಣೆಯನ್ನು ತಾನೇ ಮಾಡಿಕೊಳ್ಳುತ್ತದೆ, ಉಕ್ಕಿನ ತಗಡು ಮಾಡಿಕೊಳ್ಳುವುದಿಲ್ಲ ಎಂಬ ಸಣ್ಣ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ. ನನ್ನ ಕೈಯಲ್ಲಿ ಪಾಸಾಗದೆ ಯಾವ ಮೇಲ್ಮೈಯೂ ಮುಂದೆ ಹೋಗಿಲ್ಲ, ಇದೂ ಹೋಗಬಾರದು ಎಂದು ಹಟ ಹಿಡಿದೆ. ದಿನಕ್ಕೆ ಎರಡು ಸಲ ಎಂದಿದ್ದು ನಾಲ್ಕಾಯಿತು. ಟ್ಯೂಬನ್ನು ಊಟದ ಡಬ್ಬಿಯ ಚೀಲದಲ್ಲಿ ಕಟ್ಟೆಗೂ ಒಯ್ದೆ.

ನಾಲ್ಕನೇ ದಿನ ಬೆಳಿಗ್ಗೆ ನೀರು ಮುಖದ ಮೇಲೆ ಒಂದೇ ಸಮ ಹರಡಿಕೊಂಡಿತು. ಎಲ್ಲಿಯೂ ಒಂದು ಮುತ್ತಿಲ್ಲ. ಪಾಸು! ನಾನು ಕನ್ನಡಿಯ ಮುಂದೆ ಒಬ್ಬನೇ ನಕ್ಕೆ. ನಗುವಾಗ ಕೆನ್ನೆ ಬಿರಿದ ಹಾಗಾಯಿತು. ಕನ್ನಡಕ ಹಾಕಿಕೊಂಡು ನೋಡಿದರೆ ಮುಖ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು, ಮೂಗಿನ ಎರಡೂ ಪಕ್ಕ ಬಿಳಿ ಸಿಪ್ಪೆ ಏಳುತ್ತಿತ್ತು.

ಗಿರಿಜಾ ಚಹಾ ಕಪ್ಪು ಕೆಳಗಿಟ್ಟಳು. “ಅಯ್ಯ ಶಿವನ! ಏನ್ರೀ ಇದು, ಮಾರಿ ಹಿಂಗ್ಯಾಕ ಆಗೇತಿ?”

“ಏನಿಲ್ಲ, ಥಂಡಿಗೆ ಒಡದೈತಿ” ಎಂದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.

ಅವಳು ಬಚ್ಚಲಿಗೆ ಹೋಗಿ ಬಂದಳು. ಒಂದು ಕೈಯಲ್ಲಿ ಚಪ್ಪಟೆಯಾದ ಟ್ಯೂಬು, ಇನ್ನೊಂದು ಕೈಯಲ್ಲಿ ಟವೆಲ್ಲು. ನೀಲಿ ಟವೆಲ್ಲಿನ ಮೇಲೆ ನನ್ನ ಮುಖ ತಾಗಿದಲ್ಲೆಲ್ಲ ಬಣ್ಣ ಹೋಗಿ ಬಿಳಿ ಕಲೆ ಬಿದ್ದಿದ್ದವು. ಔಷಧಕ್ಕೆ ಬಟ್ಟೆಯ ಬಣ್ಣ ತೆಗೆಯುವ ಗುಣ ಇದೆ, ಬಿಳಿ ಟವೆಲ್ಲನ್ನೇ ಬಳಸಿ ಎಂದು ಡಬ್ಬದ ಮೇಲೆ ಬರೆದಿತ್ತಂತೆ. ಡಬ್ಬದ ಮೇಲಿನದನ್ನು ಓದುವುದು ಕಸುಬು ಗೊತ್ತಿಲ್ಲದವರ ಕೆಲಸ ಎಂದು ನಾನು ಬಿಟ್ಟಿದ್ದೆ. “ಎರಡು ತಿಂಗಳಿಂದು ನಾಕು ದಿನದಾಗ ಬಳದೀರಿ?” ಎಂದಳು ಗಿರಿಜಾ. ಆಗಲೇ ಶಾಲ್ಮಲಾ ಕೋಣೆಯಿಂದ ಹೊರಬಂದು ನನ್ನನ್ನು ನೋಡಿದಳು. ಎರಡು ಕ್ಷಣ ಬಾಯಿ ತೆರೆದು ನಿಂತು, ಆಮೇಲೆ ಸೋಫಾದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕಳು. ವಾರದಿಂದ ನಮ್ಮ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದು. ನನಗೆ ಸಿಟ್ಟೂ ಬಂತು, ಸಮಾಧಾನವೂ ಆಯಿತು.

ಕಟ್ಟೆಯಲ್ಲಿ ನನ್ನ ಪಾಡು ಕೇಳಬೇಡಿ. ಗೇಟಿನ ಕಾವಲುಗಾರನಿಂದ ಹಿಡಿದು ಕ್ಯಾಂಟೀನಿನ ಬಂಗಾಲಿ ಗೆಳೆಯರವರೆಗೆ ಎಲ್ಲರೂ “ಕೀ ಹೋಯೆಛೇ ದಾದಾ?” ಎಂದು ಕೇಳಿದರು. ಏನಾಯಿತು ಎಂದು ನಾನು ಹೇಳುವ ಮುಂಚೆಯೇ ಅವರವರೇ ಉತ್ತರ ಕೊಟ್ಟುಕೊಂಡರು. ಎಲ್ಲರ ಉತ್ತರವೂ ಹೊಟ್ಟೆಯೇ. ಒಬ್ಬರು ಮಧ್ಯಾಹ್ನ ನನ್ನ ತಟ್ಟೆಯಿಂದ ಹಸಿಮೆಣಸಿನಕಾಯಿ ಎತ್ತಿ ತಮ್ಮ ತಟ್ಟೆಗೆ ಹಾಕಿಕೊಂಡರು. ನಾನು ವಿರೋಧಿಸಲಿಲ್ಲ. ಹಡಗಿನ ಬಣ್ಣ ಎದ್ದರೆ ಯಾರ ತಪ್ಪು ಎಂದು ಹುಡುಕಿ ವರದಿ ಬರೆಯುವವನು ನಾನೇ. ನನ್ನ ಮುಖದ ವರದಿಯನ್ನು ಹೊಟ್ಟೆಯ ಮೇಲೆ ಹಾಕುವುದೇ ಮಾನಸ್ಥನ ದಾರಿ ಎನ್ನಿಸಿತು.

ಡಾಕ್ಟರಮ್ಮನ ಬಳಿ ಮತ್ತೆ ಹೋದಾಗ ಅವರು ನನ್ನ ಮುಖ ನೋಡಿ, ನೇರವಾಗಿ ಮಗಳ ಕಡೆ ತಿರುಗಿ, “ತುಮ್‌ನೇ ಐಸಾ ನಹೀ ಕಿಯಾ ನಾ?” ಎಂದರು, ನೀನು ಹೀಗೆ ಮಾಡಿಕೊಳ್ಳಲಿಲ್ಲ ತಾನೇ ಎಂದು. ನನಗೆ ತಿಂಗಳಾನುಗಟ್ಟಲೆ ಏನೂ ಹಚ್ಚಬಾರದು, ಬರೀ ನೀರು, ಮೇಲೆ ಒಂದು ಸಾದಾ ಕ್ರೀಮು ಎಂದರು. ಮೇಲ್ಮೈಯನ್ನು ಅದರ ಪಾಡಿಗೆ ಬಿಡಿ ಎಂದು ನನಗೆ ಹೇಳಿದ ಮೊದಲ ವ್ಯಕ್ತಿ ಆಕೆ. ಮಗಳಿಗೆ ಹೊಸ ಟ್ಯೂಬು ಬಂತು. ಅದನ್ನು ಅವಳು ತನ್ನ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಂಡು, ಬಟಾಣಿ ಕಾಳಿನಷ್ಟೇ ತೆಗೆದು, ಮೊಬೈಲಿನಲ್ಲಿ ಮೂವತ್ತು ಸೆಕೆಂಡು ಇಟ್ಟುಕೊಂಡು ತೊಳೆಯತೊಡಗಿದಳು. ಹತ್ತು ದಿನದಲ್ಲಿ ಮೊಡವೆ ಹೋಗುತ್ತವೆಯೇ? ಹೊಸವು ಏಳುವುದು ಸ್ವಲ್ಪ ಕಡಿಮೆಯಾಯಿತು, ಇದ್ದವು ಇದ್ದಲ್ಲೇ ಇದ್ದವು. ಕಾರ್ಡು ಕೊಡಲು ಹೋಗುವ ಮಾತಿಗೆ ಮಾತ್ರ ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ಅವಳ ಜಾಗಕ್ಕೆ ಮಿಸ್ ಇನ್ನೂ ಯಾರನ್ನೂ ಹಾಕಿರಲಿಲ್ಲ.

ಕಾರ್ಡು ಹಂಚುವ ದಿನದ ಹಿಂದಿನ ಸಂಜೆ ಶಾಲೆಯಿಂದ ಫೋನು ಬಂತು. ಹುಡುಗಿಯರ ಜೊತೆ ಒಬ್ಬ ಪಾಲಕರು ಹೋಗಬೇಕೆಂಬ ನಿಯಮ. ಹೋಗಬೇಕಿದ್ದ ತಾಯಿಯೊಬ್ಬರಿಗೆ ಜ್ವರ. ಬೇರೆಯವರೆಲ್ಲ ಆಫೀಸು, ಅಂಗಡಿ. ಯಾರೂ ಸಿಗದಿದ್ದರೆ ಆ ಗುಂಪನ್ನೇ ಕೈಬಿಡುತ್ತೇವೆ ಎಂದರು ಮಿಸ್. ಗಿರಿಜಾ ನನ್ನನ್ನು ಒಂದು ಮಾತೂ ಕೇಳದೆ, “ನಮ್ಮನೆಯವರು ಬರ್ತಾರೆ” ಎಂದು ಹಿಂದಿಯಲ್ಲಿ ಹೇಳಿ ಫೋನು ಇಟ್ಟಳು.

“ಈ ಮಾರಿ ಇಟ್ಕೊಂಡು?” ಎಂದೆ ನಾನು.

“ಯಾಕ, ಏನಾಗೇತಿ ಮಾರಿಗೆ? ಥಂಡಿಗೆ ಒಡದೈತಿ ಅಷ್ಟ ಅಲ್ಲೇನು?” ಎಂದಳು ಗಿರಿಜಾ.

ಶಾಲ್ಮಲಾ ನಮ್ಮಿಬ್ಬರನ್ನೂ ನೋಡುತ್ತ ಬಾಗಿಲಲ್ಲಿ ನಿಂತಿದ್ದಳು. “ಅಪ್ಪಾ, ನೀ ಖರೇನ ಹೋಗ್ತೀ? ಎಲ್ಲಾರೂ ನೋಡ್ತಾರ” ಎಂದಳು.

“ನೋಡ್ಲಿ ಬಿಡು. ಹುಡುಗ್ಯಾರದು ತಪ್ಪಬಾರದು” ಎಂದೆ. ಧೈರ್ಯದಿಂದ ಹೇಳಿದೆನೇ, ಅಭ್ಯಾಸಬಲದಿಂದ ಹೇಳಿದೆನೇ ಎಂದು ಈಗಲೂ ನನಗೆ ತಿಳಿಯದು. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವ್ವನ ಟ್ರಂಕು ತೆಗೆಯುವ ಸದ್ದು ಕೇಳಿಸಿತು. ಇಳಕಲ್ ಸೀರೆ ಹೊರಬಂತು.

ಮರುದಿನ ನಾಲ್ವರು ಸೀರೆಯುಟ್ಟ ಹುಡುಗಿಯರ ಹಿಂದೆ ನಾನು ಕಾರ್ಡಿನ ಚೀಲ ಹಿಡಿದುಕೊಂಡು ಹೊರಟೆ. ಶಾಲ್ಮಲಾ ದಾರಿಯುದ್ದಕ್ಕೂ ತಲೆ ತಗ್ಗಿಸಿ, ಕೂದಲನ್ನು ಕೆನ್ನೆಯ ಮೇಲೆ ಬಿಟ್ಟುಕೊಂಡಿದ್ದಳು. ಮೊದಲನೆಯದೇ ದೊಡ್ಡ ಹುಡುಗರ ಶಾಲೆ. ಗೇಟಿನ ಹತ್ತಿರ ನಿಲ್ಲುತ್ತೇನೆ ಎಂದರೆ ಕಾವಲುಗಾರ ಕೇಳಲಿಲ್ಲ, ನನ್ನ ಮುಖ ನೋಡಿ ಮರುಗಿ ಒಳಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿದ. ಹದಿನೈದಿಪ್ಪತ್ತು ಹುಡುಗರು ಸಾಲಾಗಿ ನಿಂತಿದ್ದರು. ಶಾಲ್ಮಲಾ ಕಾರ್ಡು ಮುಂದೆ ಚಾಚಿದಳು, ದನಿ ಬಾಯಿಯಿಂದ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಅಲ್ಲಿದ್ದ ಹಿರಿಯ ಮಾಸ್ತರರು ಕಾರ್ಡು ಬಿಟ್ಟು ನನ್ನ ಕಡೆ ನೋಡಿ, ತುಂಬ ಕಳವಳದಿಂದ, ಎಲ್ಲರಿಗೂ ಕೇಳುವಂತೆ, ನನ್ನ ಹೊಟ್ಟೆಯ ಸಮಾಚಾರ ವಿಚಾರಿಸಿದರು.

ನಾನು ಹೌದು ಎನ್ನುವವನಿದ್ದೆ. ಶಾಲ್ಮಲಾ ತಲೆ ಎತ್ತಿದಳು. ಕೂದಲನ್ನು ಕಿವಿಯ ಹಿಂದೆ ಸೇರಿಸಿ, ಸ್ವಚ್ಛ ಬಂಗಾಲಿಯಲ್ಲಿ, “ಹೊಟ್ಟೆ ಅಲ್ಲ ಸರ್. ಅದು ನನ್ನ ಮೊಡವೆಯ ಫೇಸ್‌ವಾಶ್. ಡಾಕ್ಟರು ನನಗೆ ಕೊಟ್ಟಿದ್ದು, ಅರ್ಧ ನಿಮಿಷ ಅಂದಿದ್ದರು. ಅಪ್ಪ ಹತ್ತು ನಿಮಿಷ ಹಚ್ಚಿಕೊಂಡರು” ಎಂದಳು.

ಸಾಲಿನಲ್ಲಿ ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಉದ್ದನೆಯ ಹುಡುಗ, ಅವನ ಹಣೆ ನಮ್ಮ ಹುಡುಗಿಯದಕ್ಕಿಂತ ಕೆಟ್ಟಿತ್ತು, ಅಂಜುತ್ತ ಮುಂದೆ ಬಂದು, ದಿನಕ್ಕೆ ಎಷ್ಟು ಸಲ ಹಚ್ಚಬೇಕು ಎಂದು ಕೇಳಿದ. ಆಮೇಲೆ ಇನ್ನೊಬ್ಬ. ನೋಡನೋಡುತ್ತ ಐದಾರು ಜನ ಅವಳ ಸುತ್ತ ನಿಂತರು. ಬಟಾಣಿ ಕಾಳಿನಷ್ಟು, ಬೆರಳ ತುದಿಯಿಂದ, ಒತ್ತಿ ಒರೆಸಬೇಕು, ಬಿಳಿ ಟವೆಲ್ಲು. ಅವಳು ಹೇಳುತ್ತಿದ್ದ ಧಾಟಿ ಕೇಳಿ ನನಗೆ ಎದೆ ತುಂಬಿ ಬಂತು. ಗೊತ್ತಿಲ್ಲ ಎಂಬ ಮಾತು ಆ ಬಾಯಿಯಿಂದಲೂ ಸುಲಭಕ್ಕೆ ಬರುವಂತೆ ಕಾಣಲಿಲ್ಲ. ಕಾರ್ಡನ್ನೂ ಹಾಗೆಯೇ ಕೊಟ್ಟಳು, ಎಲ್ಲರೂ ಬರಲೇಬೇಕು ಎಂದು ಅಪ್ಪಣೆ ಮಾಡಿದ ಹಾಗೆ.

ಹೊರಗೆ ಬಂದ ಮೇಲೆ ನಾನು, “ಉಳಿದ ಶಾಲಿಗೆ ನಾ ಗೇಟಿನಾಗ ನಿಂದರ್ತೀನಿ, ನೀವು ಹೋಗಿ ಬರ್ರಿ” ಎಂದೆ.

“ಬ್ಯಾಡ ಅಪ್ಪಾ, ನೀನೂ ಒಳಗ ಬಾ” ಎಂದು ಅವಳು ನನ್ನ ಕೈ ಹಿಡಿದುಕೊಂಡಳು. ನನಗೆ ಕಣ್ಣು ಮಂಜಾಯಿತು. ಅವಳು ಮುಂದುವರಿಸಿದಳು, “ಜಾಸ್ತಿ ಹಚ್ಚಿದ್ರ ಏನಾಗ್ತದ ಅಂತ ತೋರ್ಸಾಕ ಯಾರರ ಬೇಕಲ್ಲ?”

ಆ ದಿನ ಇನ್ನೂ ಎರಡು ಶಾಲೆಗಳಿಗೆ ಹೋದೆವು. ಎರಡರಲ್ಲೂ ಹುಡುಗರು ಹತ್ತಿರ ಬಂದು ನನ್ನ ಕೆನ್ನೆ ನೋಡಿದರು. ಒಬ್ಬ ಬಹಳ ಮರ್ಯಾದೆಯಿಂದ, “ಕಾಕಾ, ಸ್ವಲ್ಪ ಬೆಳಕಿನ ಕಡೆ ತಿರುಗುತ್ತೀರಾ?” ಎಂದ. ತಿರುಗಿದೆ. ಏನು ಮಾಡಲಿ, ಆ ಕೆಲಸ ಹೇಗೆ ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಕೆನ್ನೆಯನ್ನು ಹಾಗೆ ಎದುರಿಗೆ ನಿಂತು ನೋಡಬಾರದು, ಓರೆಯಾಗಿ ನೋಡಿದರೆ ಸಿಪ್ಪೆ ಚೆನ್ನಾಗಿ ಕಾಣುತ್ತದೆ ಎಂದು ನಾನೇ ಹೇಳಿಕೊಟ್ಟೆ.